ಹತ್ತು ಎಣಿಸುವವರೆಗೆ

ಮಳೆಗಾಲ ಮುಗಿಯುತ್ತ ಬಂದಿತ್ತು. ನೀರು ಕುಡಿದು ಉಬ್ಬಿದ ಕಿಟಕಿಯ ಬಾಗಿಲುಗಳನ್ನು ಶಾಲೆಯ ಜಗಲಿಯ ಮೇಲೆ ಮಲಗಿಸಿಕೊಂಡು ಬಡಗಿ ಕೀಸುತ್ತಿದ್ದ. ಒಂದೊಂದು ಎಳೆತಕ್ಕೂ ಮರದ ತೆಳು ಸುರುಳಿ ಎದ್ದು ಉರುಳುತ್ತಿತ್ತು.

ಆರು ವರ್ಷದ ಗುಬ್ಬಿ ಅದನ್ನೇ ನೋಡುತ್ತ ನಿಂತಿದ್ದಳು. ಅವಳಿಗಿನ್ನೂ ಮಾತು ಬಂದಿರಲಿಲ್ಲ. ಬೇಕಾದದ್ದರ ಚಿತ್ರವಿರುವ ಚೀಟಿಯನ್ನು ಎದುರಿನವರ ಕೈಗಿಟ್ಟು ಕೇಳುವುದನ್ನು ಟೀಚರ್ ಎರಡು ತಿಂಗಳಿಂದ ಕಲಿಸುತ್ತಿದ್ದಳು.

ಬಡಗಿ ನಕ್ಕು ಒಂದು ಸುರುಳಿ ಚಾಚಿದ.

"ಕೊಡ್ಬೇಡಿ!" ಟೀಚರ್ ಓಡಿಬಂದಳು.

"ಮರದ ಹೊಟ್ಟು ಕಣ್ರೀ, ಚಿನ್ನ ಅಲ್ಲ. ಮಗು ಆಸೆಪಡ್ತಿದೆ..."

"ಕೇಳೋಕೆ ಮುಂಚೆನೇ ಕೊಟ್ರೆ ಅವಳು ಯಾಕೆ ಕೇಳ್ತಾಳೆ? ಹತ್ತು ಎಣಿಸೋವರೆಗೂ ಕಾಯೋಕಾಗಲ್ವಾ?"

ಎಂಥ ಕಲ್ಲೆದೆ ಇವಳದು... ಬಡಗಿ ತಲೆ ತಗ್ಗಿಸಿದ.

ಟೀಚರ್ ಅಂದು ಊಟದ ಡಬ್ಬಿಯನ್ನು ತೆರೆದು ಹಾಗೇ ಮುಚ್ಚಿಟ್ಟಳು. ಗದರಬಾರದಿತ್ತು... ಆದರೆ ಗುಬ್ಬಿಯ ಅಪ್ಪ ಬೆಳಿಗ್ಗೆಯಷ್ಟೇ ಹೇಳಿ ಹೋಗಿದ್ದ: "ಅಷ್ಟು ಮಕ್ಕಳ ಮಧ್ಯೆ ಒಂಟಿಯಾಗಿ ಕೂರೋಕೆ ಶಾಲೆ ಯಾಕೆ? ಈ ವಾರ ನೋಡ್ತೀನಿ. ಆಮೇಲೆ ಮನೇಲೇ ಇರ್ಲಿ."

ಬಾಗಿಲಿಲ್ಲದ ಕಿಟಕಿಯ ಕಂಡಿಯಿಂದ ಬಡಗಿ ದಿನವಿಡೀ ತರಗತಿಯನ್ನು ನೋಡಿದ. ಮರುದಿನ ಬೆರಳಗಲದ ಮರದ ಬಿಲ್ಲೆಯೊಂದನ್ನು ತಂದ. ಅದರ ಮೇಲೊಂದು ಸುರುಳಿ ಅಂಟಿಸಿತ್ತು.

"ನಿಮ್ಮ ಚೀಟೀಲಿ ನೀರಿದೆ, ಚೆಂಡಿದೆ. ಸುರುಳಿ ಎಲ್ಲಿದೆ ಟೀಚರ್? ಇಲ್ಲದ ಚೀಟಿ ಕೊಟ್ಟು ಅವಳು ಹೇಗೆ ಕೇಳ್ಬೇಕಿತ್ತು?"

ಟೀಚರಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು.

ಬಿಲ್ಲೆಯನ್ನು ಗುಬ್ಬಿಗೆ ಕೊಟ್ಟು, ಸುರುಳಿಗಳ ಬುಟ್ಟಿಯನ್ನು ತರಗತಿಯ ಬಾಯಿಬಡುಕಿ ಹುಡುಗಿಯ ಮಡಿಲಿಗಿಟ್ಟಳು. ಗುಬ್ಬಿ ಹತ್ತಿರ ಬಂದಳು. ಬಾಯಿಬಡುಕಿಯ ಕೈ ಆಗಲೇ ಬುಟ್ಟಿಗೆ ಹೋಯಿತು.

"ಹತ್ತು ಎಣಿಸು ಪುಟ್ಟಿ," ಕಿಟಕಿಯಾಚೆಯಿಂದ ಬಡಗಿ ಪಿಸುಗುಟ್ಟಿದ.

ಐದು... ಆರು... ಬಾಯಿಬಡುಕಿ ಎಣಿಸುತ್ತ ಹೋದಳು.

ಎಂಟಕ್ಕೆ ಬಿಲ್ಲೆ ಬಾಯಿಬಡುಕಿಯ ಅಂಗೈಯಲ್ಲಿತ್ತು. ಸಿಕ್ಕ ಸುರುಳಿಯನ್ನು ಗುಬ್ಬಿ ತಾನಿಟ್ಟುಕೊಳ್ಳಲಿಲ್ಲ, ಅವಳ ಕಿವಿಗೇ ಲೋಲಾಕಿನಂತೆ ಸಿಕ್ಕಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಸಂಜೆ ಬಂದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ. ನಾಲ್ಕು ಕಿವಿಗಳಲ್ಲೂ ಸುರುಳಿ! ಕಣ್ಣೊರೆಸಿಕೊಂಡು ಕೇಳಿದ, "ನಾಳೆ ಎಷ್ಟೊತ್ತಿಗೆ ಕರ್ಕೊಂಡು ಬರ್ಲಿ ಟೀಚರ್?"

ಮೂರು ದಿನದ ಕಿಟಕಿ ಕೆಲಸವನ್ನು ಬಡಗಿ ಒಂದು ತಿಂಗಳು ಎಳೆದ. ದಿನಕ್ಕೊಂದು ಬಿಲ್ಲೆ ಬಂತು: ಜಾರುಬಂಡೆ, ಬೆಕ್ಕು, 'ನನ್ನ ಸರದಿ'. ಟೀಚರ್ ಬೆಳಗಾದರೆ ಮರ ಕೀಸುವ ಉಜ್ಜುಗೊರಡಿನ ಸದ್ದಿಗೆ ಕಿವಿಗೊಡುವಂತಾದಳು. ಈ ಕಿಟಕಿಗಳು ಮುಗಿಯದಿದ್ದರೆ...

ಕೊನೆಯ ಬಾಗಿಲು ಕೂರಿಸಿದ ದಿನ ಅವನು ಅವಳಿಗೊಂದು ಬಿಲ್ಲೆ ಕೊಟ್ಟ. ಅದರಲ್ಲಿ ಅಕ್ಕಪಕ್ಕ ಎರಡು ಕುರ್ಚಿ ಕೆತ್ತಿತ್ತು. ಒಂದೊಂದೇ ಬೆರಳು ಮಡಿಸಿ ಎಣಿಸುತ್ತ ನಿಂತ.

"ಹತ್ತಾಯ್ತು ಟೀಚರ್."

ಅವಳು ಬಿಲ್ಲೆಯನ್ನು ಅವನ ಅಂಗೈಗೇ ಇಟ್ಟಳು. ಅವನ ಮುಖ ಬಾಡಿತು.

"ಬೇಡ್ವಾ?"

"ತಿಂಗಳೆಲ್ಲ ಕಂಡೀಲಿ ಇಣುಕಿ ಕಲ್ತಿದ್ದು ಇಷ್ಟೇನಾ? ಚೀಟಿ ಕೈಗಿಟ್ರೆ ಏನರ್ಥ?"

"...ಬೇಕು ಅಂತ."

ಅವಳು ನಕ್ಕಳು. ಕಣ್ಣು ತುಂಬಿತ್ತು. "ಅವತ್ತು ಗದರಿದ್ದಕ್ಕೆ ಕ್ಷಮೆ ಕೇಳೋದು ಬಾಕಿ ಇದೆ."

"ಅದು ಬಾಕಿನೇ ಇರ್ಲಿ," ಅವನು ಬಿಲ್ಲೆಯನ್ನು ಜೇಬಿಗಿಳಿಸಿದ. "ಕಿಟಕಿ ಮುಗೀತಲ್ಲ, ವಸೂಲಿಗೆ ಅಂತನಾದ್ರೂ ದಿನಾ ಬರ್ತೀನಿ."