ಕೊಸರು ಹಾಕುವ ಪೆಟ್ಟಿಗೆ

ನಂಜನಗೂಡಿನ ತರಕಾರಿ ಪೇಟೆಯಲ್ಲಿ, ದೇವೀರಮ್ಮನ ತಕ್ಕಡಿಯ ಮೇಲೆ ತೂಗುಹಾಕಿದ್ದ ದಲ್ಲಾಳಿ ಪೆಟ್ಟಿಗೆ ಸಂಜೆಯ ವ್ಯಾಪಾರ ಶುರುಮಾಡಿತು. "ಹತ್ತು ಯೂನಿಟ್ ಕೊಟ್ಟೆ, ಮೇಲೆ ಒಂದು ಹಿಡಿ ತಗೊಳ್ಳಿ" ಎಂದು ಯಾವುದೋ ಮನೆಯ ಪೆಟ್ಟಿಗೆಗೆ ಹೇಳಿತು.

ಆ ಕಾಲಕ್ಕೆ ವಿದ್ಯುತ್ತನ್ನು ಸೊಪ್ಪಿನ ಹಾಗೆ ಯಾರು ಬೇಕಾದರೂ ಮಾರಬಹುದಿತ್ತು. ಚಾವಣಿಯ ಫಲಕಗಳು ಹಗಲಿನ ಬಿಸಿಲನ್ನು ಹಿಡಿದು ಬ್ಯಾಟರಿಯಲ್ಲಿ ತುಂಬುತ್ತಿದ್ದವು. ಕಾಲುಗಂಟೆಗೊಮ್ಮೆ ಹೊಸ ದರ ಬರುತ್ತಿತ್ತು. ಕೊಳ್ಳುವುದು, ಮಾರುವುದು ಎಲ್ಲವೂ ಪೆಟ್ಟಿಗೆಗಳ ಕೆಲಸ. ಹೊಸ ಪೆಟ್ಟಿಗೆ ಮೊದಲ ತಿಂಗಳು ಯಜಮಾನರ ವ್ಯಾಪಾರವನ್ನು ಸುಮ್ಮನೆ ಕೇಳಿಸಿಕೊಂಡು ಅವರ ರೀತಿಯನ್ನೇ ಕಲಿಯುತ್ತಿತ್ತು. ದೇವೀರಮ್ಮನ ಪೆಟ್ಟಿಗೆ ಗಳಿಸಿದ್ದರಲ್ಲಿ ಪೇಟೆಯ ಹೆಂಗಸರೆಲ್ಲ ಸೇರಿ ಒಂದು ತಂಪುಕೋಣೆ ನಡೆಸುತ್ತಿದ್ದರು. ಅದು ಬಂದ ಮೇಲೆ ಯಾರೂ ಬಾಡಿದ ಸೊಪ್ಪನ್ನು ದನಕ್ಕೆ ಹಾಕಿ ಮನೆಗೆ ಹೋಗಿರಲಿಲ್ಲ.

ಆ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋಗಲು ವಿದ್ಯುತ್ ಪೇಟೆಯ ಕಚೇರಿಯಿಂದ ಇಂಚರ ಎಂಬ ಎಂಜಿನಿಯರ್ ಬಂದಿದ್ದಳು.

"ನಿಮ್ಮ ಪೆಟ್ಟಿಗೆ ಕೆಟ್ಟಿದೆಯಮ್ಮ. ಪ್ರತಿ ಸಲ ಮಾರಿದ ಮೇಲೂ ದುಡ್ಡು ತಗೊಳ್ಳದೆ ಸ್ವಲ್ಪ ಜಾಸ್ತಿ ಕೊಡ್ತಿದೆ."

"ಕೆಟ್ಟಿಲ್ಲ ಕಣವ್ವ. ಅದು ಕೊಸರು."

"ಕರೆಂಟಿಗೆ ಕೊಸರು ಇಲ್ಲಮ್ಮ."

"ಯಾಕಿಲ್ಲ? ಅದೇನು ಬಂಗಾರವಾ?" ದೇವೀರಮ್ಮ ಈರುಳ್ಳಿ ಮೂಟೆ ತೋರಿಸಿದಳು. "ಕೂತ್ಕೊ. ಸಂಜೆ ಆದ್ರೆ ರೇಟು ಅಷ್ಟೊಂದು ಯಾಕೆ ಏರ್ತದೆ ಅಂತ ಹೇಳು. ಆಮೇಲೆ ಬಿಚ್ಕೊಂಡು ಹೋಗುವಂತೆ."

ಇಂಚರ ಕುಳಿತಳು. ಯಾರೂ ಅವಳನ್ನು ಇದುವರೆಗೆ ಹೀಗೆ ಕೇಳಿರಲಿಲ್ಲ.

"ಮೊದಲು ಅಗ್ಗದ್ದು ತಗೋತೀವಿ. ಬಿಸಿಲಿಂದು, ಗಾಳಿದು, ನೀರಿಂದು. ಸಂಜೆ ಬಿಸಿಲು ಹೋಗುತ್ತೆ, ಎಲ್ಲರ ಮನೇಲೂ ದೀಪ, ಒಲೆ ಹಚ್ಚುತ್ತಾರೆ. ಆಗ ಕಲ್ಲಿದ್ದಲಿಂದು ಬೇಕು. ಅದೂ ಸಾಲದಿದ್ರೆ ಅನಿಲದ ಸ್ಥಾವರ, ಎಲ್ಲಕ್ಕಿಂತ ದುಬಾರಿ. ಕೊನೆಗೆ ಬಂದವನ ದರವೇ ಎಲ್ಲರಿಗೂ ದರ."

"ಅಂದ್ರೆ ಟೊಮೆಟೊ ಕೊನೇ ಲಾರಿಯೋನು ಹೇಳಿದ್ದೇ ಇಡೀ ಪೇಟೆ ರೇಟು."

"ಹಾಗೇ."

"ಅವನನ್ನ ಕರೀದೆ ಇದ್ರಾಯ್ತು."

"ಕರೀದಿದ್ರೆ ಊರು ಕತ್ತಲಾಗುತ್ತಮ್ಮ. ಕರೆಂಟು ಬೇಕಾದ ಗಳಿಗೆಗೇ ಬೇಕಾದಷ್ಟೇ ಇರಬೇಕು. ದರ ಏರಿದ್ರೆ ಮಾರೋರು ಬರ್ತಾರೆ, ಕೊಳ್ಳೋರು ಕೈ ಬಿಗಿ ಹಿಡೀತಾರೆ. ಆ ಪೇಟೆ ಇಲ್ಲದಿದ್ರೆ ನಿಮ್ಮ ತಂಪುಕೋಣೆಯೂ ಇಲ್ಲ."

"ಸೊಪ್ಪಿನ ವ್ಯಾಪಾರಾನೇ ಅನ್ನು. ಇಷ್ಟಕ್ಕೆ ಅಷ್ಟು ವರ್ಷ ಓದಿದ್ಯಾ?" ಪಕ್ಕದ ಅಂಗಡಿಯ ಹೆಂಗಸರು ನಕ್ಕರು. ಇಂಚರಳೂ ನಕ್ಕಳು. ಆದರೂ ಪೆಟ್ಟಿಗೆ ಬಿಚ್ಚಲು ಚೀಲದಿಂದ ತಿರುಪುಳಿ ತೆಗೆದಳು.

ಅಷ್ಟರಲ್ಲಿ ಅವಳ ಫೋನು ಎಚ್ಚರಿಕೆ ಕೊಟ್ಟಿತು. ಗಾಳಿಯಂತ್ರಗಳಿಗೆ ವಾರದಿಂದ ಚೆನ್ನಾಗಿ ಬೀಸುತ್ತಿದ್ದ ಗಾಳಿ ಬಿದ್ದುಹೋಗಿತ್ತು. ದರ ಏರತೊಡಗಿತು. ಇನ್ನು ಅನಿಲದ ಸ್ಥಾವರವನ್ನು ಕರೆಯಬೇಕಾಗುತ್ತದೆ ಎಂದು ಅವಳು ಕಾಯುತ್ತಿದ್ದಂತೆ ದರ ನಿಂತಿತು. ಮುಂದಿನ ಕಾಲುಗಂಟೆಗೆ ಇಳಿದೇ ಹೋಯಿತು. ಇಂಚರ ಫೋನು ಒರೆಸಿ ಮತ್ತೆ ನೋಡಿದಳು.

ಊರಿನ ಮನೆ, ಹೋಟೆಲು, ಬಟ್ಟೆ ಅಂಗಡಿಗಳ ಪೆಟ್ಟಿಗೆಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು: "ಸದ್ಯಕ್ಕೆ ಬೇಡ, ನಮ್ಮಲ್ಲಿದೆ." ತಿಂಗಳುಗಟ್ಟಲೆ ಬಂದ ಕೊಸರು ಅವುಗಳ ಬ್ಯಾಟರಿಗಳಲ್ಲಿ ಉಳಿದಿತ್ತು. ಕೊಸರು ಪಡೆದ ಪೆಟ್ಟಿಗೆಗಳು ತಾವು ಮಾರುವಾಗ ತಾವೂ ಕೊಸರು ಹಾಕಲು ಕಲಿತಿದ್ದವು. ಒಂದೊಂದು ಮನೆಯಲ್ಲಿ ಇದ್ದದ್ದು ಒಂದೊಂದು ಹಿಡಿ. ಎಲ್ಲ ಸೇರಿ, ಕೊನೆಯ ದುಬಾರಿ ಲಾರಿ ಬರುವ ಅಗತ್ಯವೇ ಇಲ್ಲದಷ್ಟಾಗಿತ್ತು. ಅದು ಬರದಿದ್ದುದರಿಂದ ಊರಿಗೆಲ್ಲ ದರ ಇಳಿದಿತ್ತು. ಇಂಚರ ಅದನ್ನು ಫೋನಿನಲ್ಲಿ ನೋಡುತ್ತಾ ದೇವೀರಮ್ಮನಿಗೆ ಹೇಳಿದಳು.

"ಹಂಗಾದ್ರೆ ಇವತ್ತು ಮಾರಿದ್ದಕ್ಕೆ ನಂಗೂ ಕಮ್ಮಿ ದುಡ್ಡು ಸಿಗ್ತದೆ ಅನ್ನು" ಎಂದಳು ದೇವೀರಮ್ಮ.

"ಹೌದಮ್ಮ. ನಿಮ್ಮ ಪೆಟ್ಟಿಗೆ ನಿಮಗೇ ನಷ್ಟ ಮಾಡಿದೆ."

ದೇವೀರಮ್ಮ ತಂಪುಕೋಣೆಯ ಕಡೆ ಕೈ ತೋರಿಸಿದಳು. "ಮಾರೋದು ಸಂಜೆ ಒಂದು ಹೊತ್ತು. ತಂಪುಕೋಣೆಗೆ ಕೊಳ್ಳೋದು ಹಗಲೂ ರಾತ್ರಿ. ಕರೆಂಟು ಅಗ್ಗ ಆದ್ರೆ ನಂಗೇ ಲಾಭ ಕಣವ್ವ. ಎಲ್ಲರಿಗೂ ಒಂದೇ ರೇಟು ಅಂತ ನೀನೇ ಹೇಳಿದ್ದು ಮರೆತ್ಯಾ?"

ಆಗಲೇ ಇಂಚರಳಿಗೆ ಫೋನು ಬಂತು. ಅನಿಲ ಸ್ಥಾವರದ ವ್ಯವಸ್ಥಾಪಕರು. ಅವರ ದನಿ ಇಡೀ ಸಾಲಿಗೆ ಕೇಳುತ್ತಿತ್ತು.

"ಮೇಡಂ, ತಕ್ಷಣ ಬನ್ನಿ. ವಾರದಿಂದ ನಮ್ಮನ್ನ ಯಾರೂ ಕರೀತಿರಲಿಲ್ಲ. ಈಗ ನಮ್ಮ ಪೆಟ್ಟಿಗೆ ತಾನಾಗೇ ದರ ಇಳಿಸಿ ಪಕ್ಕದ ಜಿಲ್ಲೆಗೆ ಮಾರಿದೆ. ಮಾರಿದ್ದಲ್ಲದೆ ಮೇಲೆ ಒಂದು ಹಿಡಿ ಹಾಕಿದೆ. ನಮ್ಮ ಒಂದು ಹಿಡಿ ಅಂದ್ರೆ ಒಂದು ಹಳ್ಳಿ ದೀಪ ಮೇಡಂ. ಅದರ ಮೇಲೆ 'ನಾಳೆ ನಮ್ಮ ಹತ್ರಾನೇ ಬನ್ನಿ' ಅಂತ ಬೇರೆ ಹೇಳಿದೆ."

ಇಂಚರ ತುಟಿ ಕಚ್ಚಿ ನಗು ತಡೆದಳು. ಅಷ್ಟು ದೊಡ್ಡ ಸ್ಥಾವರದ ಪೆಟ್ಟಿಗೆಯೇ ಹೀಗೆ ನಡೆದರೆ, ಕೆಟ್ಟಿದೆ ಎಂದು ಯಾವುದನ್ನು ಬಿಚ್ಚುವುದು? ಅವಳು ತಿರುಪುಳಿಯನ್ನು ಚೀಲದೊಳಗೆ ಹಾಕಿದಳು.

"ಕೊಳ್ಳೋಕೆ ಬಂದ್ರಾ ಜನ?" ದೇವೀರಮ್ಮ ಫೋನಿನ ಕಡೆ ಬಾಗಿ ಕೇಳಿದಳು.

"ಯಾರಿದು? ಬಂದ್ರು. ನಾಳೆಗೂ ಹೇಳಿಟ್ಟಿದಾರೆ. ಅದಕ್ಕೇನೀಗ?"

"ಹಂಗಾದ್ರೆ ಅದನ್ನ ಮುಟ್ಬೇಡಿ ಸ್ವಾಮಿ," ಎಂದಳು ದೇವೀರಮ್ಮ. "ಈಗ ತಾನೇ ವ್ಯಾಪಾರ ಕಲೀತಾ ಇದೆ."