ಕೊಂಬಿನ ಹುಳಕ್ಕೆ ಒಂದು ಹೆಸರು

ಊಟದ ಬೆಲ್ ಹೊಡೆದು ಇನ್ನೂ ಯಾರೂ ಡಬ್ಬಿಯ ಮುಚ್ಚಳ ತೆರೆದಿರಲಿಲ್ಲ. ಚೂಟಿ ಆಗಲೇ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಇನ್ನು ಮುಂದೆ ತನ್ನ ಜೊತೆ ಎಲ್ಲರೂ ಸ್ವಲ್ಪ ಮರ್ಯಾದೆಯಿಂದ ಮಾತಾಡಬೇಕು ಎಂದು ಕ್ಲಾಸಿಗೆಲ್ಲ ಸಾರುತ್ತಿದ್ದಳು. ಏಕೆಂದರೆ ಅವಳ ಹೆಸರಿನ ಹುಳವೊಂದು ಪ್ರಪಂಚಕ್ಕೆ ಬರಲಿತ್ತು.

"ಹುಳಕ್ಕೆ ನಿನ್ನ ಹೆಸರಾ, ನಿನಗೆ ಹುಳದ ಹೆಸರಾ? ಸರಿಯಾಗಿ ಹೇಳು" ಎಂದ ವಕೀಲ.

ವಕೀಲ ಎಂದರೆ ಕರಿ ಕೋಟಿನವನಲ್ಲ, ಅದೇ ಐದನೇ ಕ್ಲಾಸಿನ ಹುಡುಗ. ಹೋಮ್‌ವರ್ಕ್ ಯಾಕೆ ತಂದಿಲ್ಲ ಎಂದು ಟೀಚರ್ ಕೇಳಿದರೆ, ತರಲು ಹೇಳಿದ್ದಕ್ಕೆ ಸಾಕ್ಷಿ ಯಾರು ಎಂದು ತಿರುಗಿ ಕೇಳುವವನು. ಅದಕ್ಕೇ ಆ ಹೆಸರು.

ಹುಳ ಸಿಕ್ಕಿದ್ದು ಶಾಲೆಯ ಕಾಂಪೌಂಡಿನ ಹಿಂದೆ, ಯಾರೂ ನೆಡದೆ ತಾನಾಗಿ ಬೆಳೆದ ಒಂದು ಗಿಡದ ಮೇಲೆ. ಚೂಟಿ ಅಲ್ಲಿಗೆ ಬಾಲ್ ಹುಡುಕಲು ಹೋಗಿದ್ದಳು. ಗಿಡದ ಕಡ್ಡಿಯಲ್ಲಿ ಮುಳ್ಳುಗಳಿದ್ದವು. ಅದರಲ್ಲೊಂದು ಮುಳ್ಳು ಎದ್ದು ಎರಡು ಹೆಜ್ಜೆ ನಡೆದು ಮತ್ತೆ ಕೂತಿತು. ಚೂಟಿ ಬಾಲಿನ ಆಸೆ ಬಿಟ್ಟಳು. ಬಗ್ಗಿ ನೋಡಿದರೆ ಅಕ್ಕಿಕಾಳಿನಷ್ಟು ದೊಡ್ಡ ಹಸಿರು ಹುಳ, ಅದರ ತಲೆಯ ಎರಡೂ ಕಡೆ ಎಮ್ಮೆಯ ಹಾಗೆ ಕೊಂಬು. ಅಂಥವು ನಾಲ್ಕಾರು ಇದ್ದವು. ಕಡ್ಡಿಯ ಸಮೇತ ಮುರಿದುಕೊಂಡು ಅವಳು ನೇರವಾಗಿ ಅತ್ತೆಯ ಹತ್ತಿರ ಓಡಿದ್ದಳು.

ಅತ್ತೆ ಎಂದರೆ ಅಪ್ಪನ ತಂಗಿ. ಮ್ಯೂಸಿಯಮ್ಮಿನಲ್ಲಿ ಹುಳಗಳ ವಿಭಾಗ ನೋಡಿಕೊಳ್ಳುತ್ತಾಳೆ. ಅವಳ ಕೋಣೆಯ ತುಂಬ ಬೀರುಗಳು, ಬೀರುಗಳ ತುಂಬ ಗಾಜಿನ ಮುಚ್ಚಳದ ಪೆಟ್ಟಿಗೆಗಳು. ಪೆಟ್ಟಿಗೆಗಳಲ್ಲಿ ಸೂಜಿ ಚುಚ್ಚಿದ ಹುಳಗಳು ಅಸೆಂಬ್ಲಿಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತವೆ. ಎಲ್ಲೆಲ್ಲೂ ನುಸಿಗುಳಿಗೆಯ ವಾಸನೆ. ಆ ಕೋಣೆಯಲ್ಲಿ ಎಷ್ಟೇ ಸೆಕೆಯಾದರೂ ಫ್ಯಾನ್ ಹಾಕುವಂತಿಲ್ಲ, ಮೇಜಿನ ಕಡೆ ಮುಖ ಮಾಡಿ ಸೀನುವಂತಿಲ್ಲ. ಒಂದು ಸೀನಿಗೆ ಒಂದು ತಿಂಗಳ ಕೆಲಸ ಹಾರಿಹೋಗುತ್ತದೆ.

ಅಂಥ ಅತ್ತೆ ಕೊಂಬಿನ ಹುಳವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಳು, ಪುಸ್ತಕಗಳಲ್ಲಿ ಹುಡುಕಿದಳು, ಮತ್ತೆ ನೋಡಿದಳು. ಆಮೇಲೆ ಖುಷಿಯಲ್ಲಿ ಎದ್ದು, ಬೆವರು ಒರೆಸಿಕೊಂಡು, ಫ್ಯಾನ್ ಹಾಕಿಬಿಟ್ಟಳು. ಸತ್ತು ಎಷ್ಟೋ ವರ್ಷವಾದ ಪತಂಗಗಳು ಆ ದಿನ ಮತ್ತೆ ಹಾರಿದವು. ಅತ್ತೆ, ಸೊಸೆ ಇಬ್ಬರೂ ಮೇಜಿನ ಕೆಳಗೆ ಅಂಬೆಗಾಲಿಡುತ್ತ, ನಗುವನ್ನು ಒಳಗೇ ಹಿಡಿದುಕೊಂಡು ರೆಕ್ಕೆಗಳನ್ನು ಹುಡುಕಿದರು. ನಗುವುದಕ್ಕೂ ಗಾಳಿ ಬೇಕಲ್ಲ.

"ಇದಕ್ಕಿನ್ನೂ ಯಾರೂ ಹೆಸರು ಇಟ್ಟಿಲ್ಲ ಕಣೆ" ಎಂದಳು ಅತ್ತೆ ಮೇಜಿನ ಕೆಳಗಿನಿಂದಲೇ. "ನಿನ್ನ ಹೆಸರನ್ನೇ ಇಡ್ತೀನಿ."

ಪ್ರತಿ ಜೀವಿಗೂ ಎರಡು ಭಾಗದ ಹೆಸರು ಇರುತ್ತದೆಂದು ಅವಳು ವಿವರಿಸಿದಳು. ಮೊದಲನೆಯದು ಮನೆತನದ ಹೆಸರಿದ್ದ ಹಾಗೆ, ಹತ್ತಿರದ ನೆಂಟರಿಗೆಲ್ಲ ಒಂದೇ. ಎರಡನೆಯದು ಅದರದ್ದೇ ಸ್ವಂತ. ಆ ಎರಡನೆಯ ಜಾಗದಲ್ಲಿ ಚೂಟಿ ಕೂರುತ್ತಾಳೆ, ಹಿಂದೆ ಒಂದು ಪುಟ್ಟ ಬಾಲ ಸೇರಿಸಿಕೊಂಡು. ಅತ್ತೆ ತನ್ನ ಹೆಸರನ್ನು ತಾನೇ ಇಡುವಂತಿಲ್ಲವಂತೆ. ಹಾಗೆ ಮಾಡಿದರೆ ಹುಳದವರ ಲೋಕದಲ್ಲಿ ಮಾನ ಹೋಗುತ್ತದಂತೆ.

ಅಂದಿನಿಂದ ಚೂಟಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊಟ್ಟೆಗಳ ಮೇಲೆ ಕೂತಿದ್ದ ಒಂದು ತಾಯಿಹುಳವನ್ನು ಕಡ್ಡಿಯ ಸಮೇತ ಮನೆಗೆ ತಂದು ಗಾಜಿನ ಜಾಡಿಯಲ್ಲಿಟ್ಟಳು, ಜಾಡಿಯ ಬಾಯಿಗೆ ಕರ್ಚೀಫು ಕಟ್ಟಿದಳು. ದಿನಾ ಹೊಸ ಕಡ್ಡಿ ಹಾಕಿದಳು. ಮೊಟ್ಟೆಯೊಡೆದು ಬಂದ ಮರಿಗಳು ತನ್ನ ವಂಶದವರು ಎಂದು ಮನೆಯವರಿಗೆಲ್ಲ ಪರಿಚಯ ಮಾಡಿಸಿದಳು. ಅಪ್ಪನಿಗೆ ಜಾಡಿಯ ಮುಂದೆ ಗೊರಕೆ ಹೊಡೆಯಬಾರದೆಂದು ಆಜ್ಞೆಯಾಯಿತು. ತಟ್ಟೆ ಎತ್ತಿಡು ಎಂದರೆ, ಹುಳಕ್ಕೆ ಹೆಸರು ಕೊಟ್ಟವರು ತಟ್ಟೆ ಎತ್ತುವುದಿಲ್ಲ ಎಂಬ ಉತ್ತರ ಬರುತ್ತಿತ್ತು.

"ಆ ಹುಳಕ್ಕಿರೋದು ಎರಡೇ ಕೊಂಬು. ನಿನಗೆ ಮೈಯೆಲ್ಲಾ ಬಂದಿದೆ" ಎಂದಳು ಅಜ್ಜಿ.

ಮರಿಗಳು ಬಟ್ಟೆ ಬದಲಿಸುವ ಹಾಗೆ ಪೊರೆ ಕಳಚುತ್ತ ಬೆಳೆದವು. ಒಂದು ಶನಿವಾರ ಬೆಳಿಗ್ಗೆ ಚೂಟಿ ನೋಡುವಾಗ ಕೆಲವು ಪೂರ್ತಿ ದೊಡ್ಡವಾಗಿ, ಹೊಸ ಕೊಂಬು ಹೊತ್ತು ಕೂತಿದ್ದವು. ಅವುಗಳ ಪಕ್ಕದಲ್ಲೇ ಬೇರೆ ಕೆಲವು ಇದ್ದವು. ಸಣ್ಣವು, ಕಪ್ಪು, ಬೆನ್ನಿನ ಮೇಲೆ ಬಿಳಿ ಚುಕ್ಕೆ. ಕೊಂಬು ಮಾತ್ರ ಇಲ್ಲ.

ಚೂಟಿ ಜಾಡಿಯನ್ನು ಬೆಳಕಿಗೆ ಹಿಡಿದಳು. ಈ ಕಪ್ಪು ಹುಳವನ್ನು ಅವಳು ನೋಡಿದ್ದಳು. ಅತ್ತೆಯ ಕೋಣೆಯ ಕಿಟಕಿ ಪಕ್ಕದ ಪೆಟ್ಟಿಗೆಯಲ್ಲಿ ಇಂಥವೇ ಒಂದು ಸಾಲು ಇದ್ದವು. ಅತ್ತೆಗೆ ಪಾಠ ಹೇಳಿದ ದೊಡ್ಡ ಮೇಷ್ಟ್ರು ಎಷ್ಟೋ ವರ್ಷದ ಹಿಂದೆ ಅವಕ್ಕೆ ಹೆಸರಿಟ್ಟಿದ್ದರು. ಆ ಹೆಸರಿಗೆ ಬೋಳುತಲೆ ಎಂದು ಅರ್ಥ.

ಅವಳು ವಕೀಲನನ್ನು ಕರೆದುಕೊಂಡು ಬಂದಳು. ಅವನು ಜಾಡಿಯ ಸುತ್ತ ಗಂಭೀರವಾಗಿ ಓಡಾಡಿ ವಿಚಾರಣೆ ಮಾಡಿದ. ಹೊರಗಿನಿಂದ ಬಂದಿರಬಹುದೇ? ಕರ್ಚೀಫು ಬಿಗಿಯಾಗಿತ್ತು. ಬೇರೆ ತಾಯಿಯ ಮೊಟ್ಟೆ ಇರಬಹುದೇ? ತಾಯಿ ಒಂದೇ, ಮೊಟ್ಟೆಗಳ ಗುಂಪೂ ಒಂದೇ.

"ಹಾಗಾದ್ರೆ ಇವು ಅಕ್ಕ ತಮ್ಮ" ಎಂದ ವಕೀಲ. "ತಾಯಿಗೂ ಕೊಂಬಿದೆ, ಅಂದ್ರೆ ಕೊಂಬಿರೋದು ಹೆಣ್ಣು, ಬೋಳು ಗಂಡು. ಎರಡೂ ಒಂದೇ ಜಾತಿ. ನಿನ್ನ ಹುಳಕ್ಕೆ ಆಗಲೇ ಹೆಸರಿದೆ."

ಚೂಟಿಗೂ ಅದು ಗೊತ್ತಾಗಿತ್ತು. ಬೇರೆಯವರ ಬಾಯಲ್ಲಿ ಕೇಳಿದಾಗ ಮಾತ್ರ ಅಳು ಬಂತು. ಹೊಸ ಹುಳ ಸಿಕ್ಕಿದೆ ಎಂಬ ಲೇಖನವನ್ನು ಅತ್ತೆ ಸೋಮವಾರ ವಿಜ್ಞಾನ ಪತ್ರಿಕೆಗೆ ಕಳುಹಿಸುವವಳಿದ್ದಳು. ಕ್ಲಾಸಿಗೆಲ್ಲ ಹೇಳಿಯಾಗಿತ್ತು. ಬೆಂಚು ಬೇರೆ ಹತ್ತಿಯಾಗಿತ್ತು.

ವಕೀಲ ಧ್ವನಿ ತಗ್ಗಿಸಿದ. "ಬೋಳುಗಳನ್ನ ಕಿಟಕಿಯಿಂದ ಬಿಟ್ಬಿಡು. ಸಾಕ್ಷಿ ಇಲ್ದೇ ಇದ್ರೆ ಕೇಸೇ ಇಲ್ಲ."

ಚೂಟಿ ಕಿಟಕಿಯ ಬಳಿ ಹೋಗಿ ಕರ್ಚೀಫು ಬಿಚ್ಚಿದಳು. ಒಂದು ಬೋಳು ಹುಳ ಪಟ್ಟೆಂದು ನೆಗೆದು ಅವಳ ಹೆಬ್ಬೆರಳಿನ ಉಗುರಿನ ಮೇಲೆ ಕೂತಿತು. ಊದಿದರೆ ಸಾಕು, ಹೋಗುತ್ತಿತ್ತು. ಅವಳಿಗೆ ಅತ್ತೆಯ ನೆನಪಾಯಿತು. ಲೇಖನ ಅಚ್ಚಾಗುತ್ತದೆ, ಒಂದು ದಿನ ಯಾರಿಗೋ ನಿಜ ಗೊತ್ತಾಗುತ್ತದೆ, ಹುಳದವರೆಲ್ಲ ಅತ್ತೆಯನ್ನು ನೋಡಿ ನಗುತ್ತಾರೆ. ಅದು ಒಂದು. ಇನ್ನೊಂದು ಇನ್ನೂ ಕಷ್ಟದ್ದು. ಅಕ್ಕನಿಗೆ ಕೊಂಬು, ತಮ್ಮ ಬೋಳು, ಇಷ್ಟು ವರ್ಷ ಯಾರಿಗೂ ಗೊತ್ತಿಲ್ಲ! ಇಂಥ ಸುದ್ದಿಯನ್ನು ಬಾಯಲ್ಲಿ ಇಟ್ಟುಕೊಂಡು ಬದುಕುವುದು ಹೇಗೆ? ಅವಳು ಸಾಮಾನ್ಯ ಸುದ್ದಿಯನ್ನೇ ಒಂದು ಗಂಟೆ ಇಟ್ಟುಕೊಂಡವಳಲ್ಲ.

ಉಗುರಿನ ಮೇಲಿದ್ದುದನ್ನು ಜಾಡಿಗೆ ಬಿಟ್ಟು ಕರ್ಚೀಫು ಕಟ್ಟಿದಳು. ಜಾಡಿಯನ್ನು ಎದೆಗೊತ್ತಿಕೊಂಡು ಮ್ಯೂಸಿಯಮ್ಮಿಗೆ ಹೋದಳು. ವಕೀಲ ಮುಂದೆ ಮುಂದೆ ಹೋಗಿ ದಾರಿ ಬಿಡಿಸಿದ.

ಅತ್ತೆ ಜಾಡಿಯನ್ನು ನೋಡಿದಳು. ಕಿಟಕಿ ಪಕ್ಕದ ಪೆಟ್ಟಿಗೆ ತಂದು ಅದರ ಪಕ್ಕ ಇಟ್ಟಳು. ಎರಡನ್ನೂ ತಿರುತಿರುಗಿ ನೋಡಿದಳು. ಬೈಯುತ್ತಾಳೋ ಅಳುತ್ತಾಳೋ ತಿಳಿಯದೆ ಚೂಟಿ ಉಗುರು ಕಚ್ಚುತ್ತಿದ್ದಳು. ಆಗ ಅತ್ತೆ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ಬಾಗಿಲಾಚೆ ಓಡಿಹೋಗಿ, ವರಾಂಡದಲ್ಲಿ ನಿಂತು ನಕ್ಕಳು.

"ಗಂಡು ಈ ಪೆಟ್ಟಿಗೇಲಿ, ಹೆಣ್ಣು ನಿಮ್ಮ ಶಾಲೆ ಗೋಡೆ ಹಿಂದೆ. ಮಧ್ಯದಲ್ಲಿ ನಾನು ದಡ್ಡಿ" ಎಂದಳು.

ಆಮೇಲೆ ಕಾರಣ ಹೇಳಿದಳು. ಮೇಷ್ಟ್ರು ಹುಳ ಹಿಡಿದದ್ದು ರಾತ್ರಿ ದೀಪ ಹಚ್ಚಿ, ಬಿಳಿ ಬಟ್ಟೆ ಕಟ್ಟಿ. ದೀಪಕ್ಕೆ ಹಾರಿ ಬಂದವೆಲ್ಲ ಗಂಡು. ತಾಯಂದಿರು ಮೊಟ್ಟೆ ಬಿಟ್ಟು ಕದಲುವುದಿಲ್ಲ, ಹಾಗಾಗಿ ಅವರಿಗೆ ಒಂದೂ ಹೆಣ್ಣು ಸಿಗಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿದ ಮೇಷ್ಟ್ರು, ನನ್ನ ಬೋಳನಿಗೆ ಕೊನೆಗೂ ಸಂಬಂಧ ಕುದುರಿತಲ್ಲ ಎಂದರಂತೆ. ಮೇಷ್ಟ್ರ ತಲೆಯಲ್ಲೂ ಒಂದು ಕೂದಲಿಲ್ಲ ಎಂದು ಅತ್ತೆ ಮೆಲ್ಲಗೆ ಸೇರಿಸಿದಳು.

"ಕೊಂಬಿರೋದಕ್ಕೆ ಬೋಳುತಲೆ ಅನ್ನೋದು ಅನ್ಯಾಯ" ಎಂದು ವಕೀಲ ವಾದ ಹೂಡಿದ. ಅನ್ಯಾಯವೇ, ಆದರೆ ಮೊದಲು ಇಟ್ಟ ಹೆಸರೇ ಹೆಸರು, ಹೊಂದಿದರೂ ಸರಿ, ಹೊಂದದಿದ್ದರೂ ಸರಿ ಎಂದಳು ಅತ್ತೆ. ಅವಳ ಶಾಸ್ತ್ರದಲ್ಲಿ ಅದಕ್ಕೆ ಮೇಲ್ಮನವಿ ಇರಲಿಲ್ಲ.

ಆಮೇಲೆ ಅವಳು ಕಂಪ್ಯೂಟರಿನಲ್ಲಿ ಲೇಖನ ತೆರೆದಳು. ಚೂಟಿಯ ಹೆಸರು ಬಾಲದ ಕಡೆಯಿಂದ ಒಂದೊಂದೇ ಅಕ್ಷರವಾಗಿ ಅಳಿಸಿಹೋಯಿತು. ಚೂಟಿ ನೋಡುತ್ತ ನಿಂತಿದ್ದಳು. ಅವಳಿಗೆ ತುಂಬ ಬೇಜಾರಾಯಿತು. ಅತ್ತೆ ಅವಳ ತಲೆಯನ್ನು ತನ್ನ ಮಗ್ಗುಲಿಗೆ ಒತ್ತಿಕೊಂಡಳು.

ಸೋಮವಾರ ಬೆಳಿಗ್ಗೆ ಚೂಟಿಗೆ ಹೊಟ್ಟೆನೋವು ಬಂತು. ಅಜ್ಜಿ ಅದನ್ನು ನಂಬಲಿಲ್ಲ. ಶಾಲೆಯ ದಾರಿಯುದ್ದಕ್ಕೂ ಚೂಟಿ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಳು: ಹುಳಕ್ಕೆ ನನ್ನ ಹೆಸರು ಇಡುವುದಿಲ್ಲ, ಯಾರೂ ನಗಬೇಡಿ. ಕ್ಲಾಸಿನೊಳಗೆ ಕಾಲಿಡುತ್ತಲೇ ಎಲ್ಲರೂ ಮುತ್ತಿಕೊಂಡರು. ಹುಳ ಎಲ್ಲಿಗೆ ಬಂತು ಎಂದು ಕೇಳಿದರು.

ಚೂಟಿ ಜಾಡಿಯಿಂದ ಶುರುಮಾಡಿದಳು. ಎರಡು ಬೆರಳು ತಲೆಗಿಟ್ಟುಕೊಂಡು ಅಕ್ಕನಾದಳು, ಬೆರಳು ತೆಗೆದು ತಮ್ಮನಾದಳು. ಕೂದಲಿಲ್ಲದ ಮೇಷ್ಟ್ರಾಗಿ ದೀಪ ಹಿಡಿದಳು. ಹೆಣ್ಣು ಹುಳವಾಗಿ ಚೀಲದ ಮೇಲೆ ಕೂತು ಏಳಲೇ ಇಲ್ಲ. ಬಾಯಿ ಮುಚ್ಚಿಕೊಂಡು ಬಾಗಿಲಾಚೆ ಓಡಿ ಅತ್ತೆಯ ಹಾಗೆ ನಕ್ಕಳು. ಕೊಂಬಿದ್ದೂ ಬೋಳಮ್ಮ ಎನ್ನಿಸಿಕೊಂಡಳಲ್ಲ ಎಂದು ಹುಡುಗಿಯರು ಬಿದ್ದು ಬಿದ್ದು ನಕ್ಕರು. ಹಾಜರಿ ಕರೆಯಲು ಬಂದ ಟೀಚರ್ ಕೂಡ ಬಾಗಿಲಲ್ಲೇ ನಿಂತು ಕೇಳಿದರು.

"ಅದೆಲ್ಲ ಸರಿ, ನಿನ್ನ ಹೆಸರು ಏನಾಯ್ತು?" ಎಂದಳು ಹಿಂದಿನ ಬೆಂಚಿನ ಹುಡುಗಿ.

ಚೂಟಿಗೆ ಆಗ ನೆನಪಾಯಿತು. ಬಾಯಿಪಾಠ ಮಾಡಿಕೊಂಡದ್ದನ್ನು ಹೇಳುವುದೇ ಮರೆತುಹೋಗಿತ್ತು. ಬೆಳಿಗ್ಗೆಯ ಹೊಟ್ಟೆನೋವು ಇನ್ನೂ ಇದೆಯೇ ಎಂದು ಒಳಗೊಳಗೇ ಹುಡುಕಿದಳು. ಇತ್ತು, ಆದರೆ ಹುಳದಷ್ಟೇ ಇತ್ತು.

"ಅದಾ? ಅದು ಹೋಯ್ತು" ಎಂದಳು. "ಇರ್ರೇ, ಮರಿಗಳು ಪೊರೆ ಹೇಗೆ ಬಿಡ್ತವೆ ಅಂತ ನಾನಿನ್ನೂ ಹೇಳೇ ಇಲ್ಲ."