ಆಲ್ಡರ್‌ವಿಕ್ ಲೇನಿನ ಅಧ್ಯಾಯ

ಆ ಶನಿವಾರ ಮೆಟಿಲ್ಡಾ ಬಾಯಿ ಬಂದಾಗ ಅವರ ಕೈಯಲ್ಲಿ ಅಳತೆಯ ಟೇಪು ಇರಲಿಲ್ಲ. ಇಂಗ್ಲೆಂಡಿನ ಅಂಚೆಚೀಟಿಯ ಒಂದು ಲಕೋಟೆ ಇತ್ತು. ಪಿಯುಸ್ ಅದನ್ನು ಕಂಡರು. ಕಂಡವರೇ, "ಚಹಾ ಇಡ್ತೇನೆ" ಎಂದು ಅಡುಗೆಮನೆಗೆ ಹೋದರು.

"ಚಹಾ ಆಮೇಲೆ ಕುಡಿಯೋಣ. ಬಂದು ಕೂತ್ಕೊಳ್ಳಿ," ಎಂದರು ಮೆಟಿಲ್ಡಾ.

ಅದು 1994ರ ಫೆಬ್ರವರಿ. ಇಬ್ಬರೂ ಬ್ರಿಸ್ಬೇನಿನ ರನ್‌ಕಾರ್ನಿನಲ್ಲಿ ಎರಡು ಬೀದಿಗಳ ಅಂತರದಲ್ಲಿದ್ದರು. ಪಿಯುಸ್ ಶಿರ್ವದಲ್ಲಿ ಹುಟ್ಟಿ, ಬಹ್ರೇನಿನಲ್ಲಿ ದುಡಿದು, ಕೊನೆಗೆ ಇಲ್ಲಿ ನೆಲೆ ನಿಂತವರು. ವಯಸ್ಸು ಅರವತ್ತೊಂದು. ಹೆಂಡತಿ ಜೆಸಿಂತಾ ದೇವರ ಪಾದ ಸೇರಿ ಎರಡು ವರ್ಷವಾಗಿತ್ತು. ಮಗಳು ಪರ್ತಿನಲ್ಲಿದ್ದಳು. ಮೆಟಿಲ್ಡಾ ಮಂಗಳೂರಿನ ಮನೆತನದವರಾದರೂ ಮೈಸೂರಿನಲ್ಲಿ ಬೆಳೆದದ್ದರಿಂದ ಕೊಂಕಣಿಗಿಂತ ಕನ್ನಡವೇ ಅವರ ನಾಲಗೆಗೆ ಹಗುರ. ನರ್ಸ್ ಕೆಲಸದಿಂದ ನಿವೃತ್ತರು. ಗಂಡ ತೀರಿಹೋಗಿ ಏಳು ವರ್ಷ. ಮಗ ಅಲ್ವಿನ್ ಅಡಿಲೇಡಿನಿಂದ ವಾರವಾರ ಫೋನು ಮಾಡಿ, "ಮಮ್ಮಿ, ಮನೆ ಖಾಲಿ ಮಾಡಿ ಬಂದ್ಬಿಡಿ" ಎನ್ನುತ್ತಿದ್ದ. ಸೊಸೆಗೆ ಏಪ್ರಿಲಿನಲ್ಲಿ ಹೆರಿಗೆ. ಹಿಸ್ಟರಿ ಸೊಸೈಟಿಯ ಪುಸ್ತಕದಲ್ಲಿ ತಮ್ಮ ಪಾಲಿನ ಅಧ್ಯಾಯ ಮುಗಿದ ಕೂಡಲೇ ಬರುತ್ತೇನೆಂದು ಮೆಟಿಲ್ಡಾ ಮಾತು ಕೊಟ್ಟಿದ್ದರು.

ಸೊಸೈಟಿಯವರು ಊರಿನ ಬೀದಿ, ಓಣಿಗಳ ಚರಿತ್ರೆ ಬರೆಸುತ್ತಿದ್ದರು. ಇವರಿಬ್ಬರ ಪಾಲಿಗೆ ಬಂದದ್ದು ಆಲ್ಡರ್‌ವಿಕ್ ಲೇನ್. ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು ಅದು. ಇಲ್ಲಿಗೆ ಯಾರು ತಂದರು, ಏಕೆ ತಂದರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನ ಚರ್ಚಿನ ಹಳೆಯ ದಾಖಲೆಗಳಲ್ಲಿ ಏನಾದರೂ ಸಿಕ್ಕೀತೆಂದು ಕಳೆದ ಜುಲೈಯಲ್ಲಿ ಪಿಯುಸ್ ಆ ಹಳ್ಳಿಯ ಪಾದ್ರಿಗೆ ಕಾಗದ ಬರೆದರು. ಉತ್ತರ ಬರುವ ತನಕ ಪ್ರತಿ ಶನಿವಾರ ಇಬ್ಬರೂ ಓಣಿಗೆ ಹೋಗುವುದೆಂದಾಯಿತು.

ಹೋಗಿ ಮಾಡುವ ಕೆಲಸ ಹೆಚ್ಚೇನಿರಲಿಲ್ಲ. ಹಳೆಯ ಬೇಲಿಗಳನ್ನು ಗುರುತು ಹಾಕಿಕೊಂಡರು. ಮುದುಕರನ್ನು ಮಾತಾಡಿಸಿದರು. ಅರ್ಧ ಫರ್ಲಾಂಗಿನ ಓಣಿಯನ್ನು ಆರು ಸಲ ಅಳೆದರು. ಟೇಪಿನ ಒಂದು ತುದಿ ಹಿಡಿದು ಪಿಯುಸ್ ನಿಂತರೆ, ಇನ್ನೊಂದು ತುದಿ ಹಿಡಿದು ಮೆಟಿಲ್ಡಾ ಹುಲ್ಲಿನ ಟೋಪಿಯಲ್ಲಿ ಮುಂದೆ ಹೋಗುವರು. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುವರು. ಆಗ ಪಿಯುಸ್ ಬೇಲಿಯ ಕಡೆ ನೋಡುವರು. ಮೆಟಿಲ್ಡಾ ಮತ್ತೆ ಮುಂದೆ ತಿರುಗಿದ ಮೇಲೆ ಪಿಯುಸರ ಕಣ್ಣು ಬೇಲಿಯನ್ನು ಬಿಟ್ಟು ಅವರ ಕಡೆ ಹೋಗುವುದು.

ಈಗ ಮೆಟಿಲ್ಡಾ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ನಾವಿಬ್ರೂ ಎಂಥ ದಡ್ಡರು ಗೊತ್ತಾ? ಪ್ಯಾರಿಶ್ ಚರ್ಚು ಅಂದ ಕೂಡ್ಲೆ ನಮ್ಮ ಇಗರ್ಜಿ ಅನ್ಕೊಂಡು ಕ್ಯಾಥೊಲಿಕ್ ಪಾದ್ರಿಗೆ ಬರೆದ್ಬಿಟ್ವಿ. ಆ ಹಳ್ಳೀಲಿ ಹಳೇ ರಿಜಿಸ್ಟರೆಲ್ಲ ಇರೋದು ಆಂಗ್ಲಿಕನ್ ಚರ್ಚಲ್ಲಿ. ಕ್ರಿಸ್ಮಸ್ ಆದ್ಮೇಲೆ ಲೈಬ್ರರೀಲಿ ನೋಡ್ದೆ, ಅವರ ಪಾದ್ರಿಗೆ, ವಿಕಾರ್ ಅಂತಾರೆ, ನಾನೇ ಬರೆದೆ."

"ಉತ್ತರ ಬಂತೋ?"

"ಬಂತು. ಥಾಮಸ್ ಅಂತ ಒಬ್ಬ ದನ ಸಾಕೋನು, ನೂರಹತ್ತು ವರ್ಷದ ಹಿಂದೆ ಇಲ್ಲಿಗೆ ಬಂದ. ಹಸು ಹೊಡ್ಕೊಂಡು ಹೋಗೋ ದಾರಿಗೆ ತನ್ನೂರಿನ ಹೆಸರಿಟ್ಟ, ಹಾಗಂತ ಯಾರ ಕೈಲೋ ಊರಿಗೆ ಕಾಗದ ಬರೆಸಿದ್ದನಂತೆ. ಅವನ ಮದುವೆ ರಿಜಿಸ್ಟರಲ್ಲಿ ಸಹಿ ಇಲ್ಲ, ಒಂದು ಶಿಲುಬೆ ಗುರುತಿದೆಯಂತೆ. ಓದು ಬರ್ತಿರಲಿಲ್ಲ, ಪಾಪ."

"ಹಾಗಾದರೆ ಅಧ್ಯಾಯ ಮುಗೀತು," ಎಂದರು ಪಿಯುಸ್.

"ಮುಗೀತು. ಕೊನೇಲಿ ವಿಕಾರ್ ಇನ್ನೊಂದು ಮಾತು ಬರೆದಿದ್ದಾರೆ." ಮೆಟಿಲ್ಡಾ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಕಾಗದದ ಬದಲು ಪಿಯುಸರ ಮುಖವನ್ನೇ ಓದುವವರಂತೆ ನೋಡಿದರು. "ತಮ್ಮ ಎದುರುಗಡೆ ಇರೋ ಕ್ಯಾಥೊಲಿಕ್ ಚರ್ಚಿನ ಪಾದ್ರಿ, ರಿಜಿಸ್ಟರ್ ಎಲ್ಲಿದೆ ಅನ್ನೋದನ್ನ ನಿಮಗೆ ಸೆಪ್ಟೆಂಬರಲ್ಲೇ ತಿಳಿಸಿದ್ರಂತೆ. ನಮ್ಮ ಚರ್ಚು ಹೊಸದು, ವಿಕಾರ್ ಹತ್ರ ಕೇಳಿ ಅಂತ."

ಪಿಯುಸ್ ಎದ್ದು ಹೋಗಿ ಪ್ರಾರ್ಥನೆ ಪುಸ್ತಕದೊಳಗಿಂದ ಆ ಪಾದ್ರಿಯ ನೀಲಿ ಕಾಗದ ತಂದು ಕೊಟ್ಟರು.

"ಐದು ತಿಂಗಳು," ಎಂದರು ಮೆಟಿಲ್ಡಾ. "ಪ್ರತಿ ಶನಿವಾರ ನಾನು ಕೇಳ್ತಿದ್ದೆ, ಕಾಗದ ಬಂತಾ ಅಂತ. ಇಂಗ್ಲೆಂಡಿನ ಅಂಚೆ ನಿಧಾನ ಅಂತಿದ್ರಿ. ಕನ್ಫೆಷನ್‌ನಲ್ಲಾದ್ರೂ ಹೇಳಿದ್ರಾ?"

"ಹೇಳಿದೆ. ಸುಳ್ಳು ಹೇಳಿದೆ ಅಂತ ಹೇಳಿದೆ. ಯಾಕೆ ಅಂತ ಫಾದರ್ ಕೇಳಿದ್ರು. ಅದನ್ನು ಹೇಳಲಿಕ್ಕೆ ಆಗಲಿಲ್ಲ."

"ನನಗೆ ಹೇಳಿ."

ಪಿಯುಸ್ ಮತ್ತೆ ಬಂದು ಕೂತರು. ಜೆಸಿಂತಾ ಹೋದ ಮೇಲೆ ವಾರದ ಏಳು ದಿನಗಳೂ ಒಂದೇ ಬಣ್ಣದವಾಗಿದ್ದವು. ಚರ್ಚಿನಲ್ಲಿ ಬೆಳಗಿನ ಪೂಜೆ, ಎರಡು ಹೊತ್ತಿನ ಅನ್ನ, ಜಪಸರ, ಅಷ್ಟೇ. ಶನಿವಾರ ಮಾತ್ರ ಬೇರೆಯಾಯಿತು. ಹಾಗಾಗಲು ತಾವು ಬಿಟ್ಟದ್ದು ಸರಿಯೋ ಎಂದು ಹೆಂಡತಿಯ ಸಮಾಧಿಯ ಬಳಿ ನಿಂತು ಕೇಳಿದ್ದರು. ಮನಸ್ಸಿಗೆ ಭಾರವೆನಿಸಲಿಲ್ಲ.

"ಅಧ್ಯಾಯ ಮುಗಿದರೆ ನೀವು ಅಡಿಲೇಡಿಗೆ ಹೋಗ್ತೀರಿ," ಎಂದರು. "ನೀವು ಹೋಗುವುದು ನನಗೆ ಬೇಡ. ಜೆಸಿಂತಾನ ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೂ ನೀವು ಇಲ್ಲೇ ಇರಬೇಕು, ನನ್ನ ಜೊತೆ ಇರಬೇಕು ಅಂತ ಆಸೆ. ಅಷ್ಟೇ, ಮೆಟಿಲ್ಡಾ ಬಾಯಿ."

ಮೆಟಿಲ್ಡಾ ಕನ್ನಡಕ ತೆಗೆದು, ಸೀರೆಯ ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಮ್ಮಲ್ಲಿ ಹೆಣ್ಣು ಕೇಳೋಕೆ ಹಿರಿಯರು ಬರ್ತಾರೆ ಪಿಯುಸ್ ಅವರೇ."

"ನನಗಿಂತ ಹಿರಿಯರು ಯಾರೂ ಉಳಿದಿಲ್ಲವಲ್ಲ."

"ನನ್ನ ಕಡೆಯೂ ಅಷ್ಟೇ. ಹೆಣ್ಣು ಕೊಡೋನು ಅಂತ ಇರೋದು ಮಗ ಒಬ್ಬನೇ." ತುಟಿಯ ಅಂಚಿನಲ್ಲಿ ಬಂದ ನಗುವನ್ನು ಅವರು ತಡೆದರು. "ನಂಬರ್ ಗೊತ್ತಲ್ಲ?"

ಪಿಯುಸ್ ಕೋಟು ಹಾಕಿಕೊಂಡರು. ಆ ಸೆಖೆಯಲ್ಲಿ, ಫೋನಿಗೆ ಕೋಟು ಏಕೆಂದು ಮೆಟಿಲ್ಡಾ ಕೇಳಲಿಲ್ಲ. ಪಿಯುಸ್ ನಿಂತುಕೊಂಡೇ ಡಯಲ್ ಮಾಡಿ ತಮ್ಮ ಹೆಸರು ಹೇಳಿದರು.

"ಹಲೋ, ಪಿಯುಸ್ ಅಂಕಲ್?" ಎಂದ ಅಲ್ವಿನ್. "ಮಮ್ಮಿ ಓಕೆ ತಾನೆ?"

"ಚೆನ್ನಾಗಿದ್ದಾರೆ ಮಗ. ನಾನು ಒಂದು ಮಾತು ಕೇಳಲಿಕ್ಕೆ ಫೋನು ಮಾಡಿದ್ದು. ನಿನ್ನ ಅಮ್ಮನನ್ನು ನಾನು ಮದುವೆಯಾಗಬೇಕು ಅಂತಿದ್ದೇನೆ. ನೀನು ಒಪ್ಪಿದರೆ."

ಆ ಕಡೆ ಕೇಳುತ್ತಿದ್ದ ಟೀವಿಯ ಸದ್ದು ನಿಂತಿತು.

"ಅಂಕಲ್, ನಾನ್ ಒಪ್ಪೋದಿರ್ಲಿ," ಎಂದ ಕೊನೆಗೆ. "ಮಮ್ಮಿಗೆ ಇಷ್ಟಾನಾ? ಫೋನ್ ಅವರಿಗೆ ಕೊಡಿ."

ಪಿಯುಸ್ ರಿಸೀವರ್ ಚಾಚಿದರು. ಅದನ್ನು ತೆಗೆದುಕೊಳ್ಳುವಾಗ ಮೆಟಿಲ್ಡಾ ಅವರ ಕೈಯ ಮೇಲೆ ತಮ್ಮ ಕೈಯನ್ನು ಒಂದು ಗಳಿಗೆ ಹೆಚ್ಚೇ ಇಟ್ಟರು.

"ಹೂಂ ಕಣೋ," ಎಂದರು ಮಗನಿಗೆ. "ಹೂಂ... ಯೋಚನೆ ಮಾಡಿದ್ದೀನಿ, ಬೇಕಾದಷ್ಟು. ಡೆಲಿವರಿಗೆ ಬಂದೇ ಬರ್ತೀನಿ, ಬರದೆ ಇರ್ತೀನಾ? ಬಾಣಂತನ ಮುಗಿಯೋವರೆಗೂ ಇರ್ತೀನಿ. ಆಮೇಲೆ ವಾಪಸ್."

ಅಲ್ವಿನ್ ಏನೋ ಕೇಳಿದ.

"ಎಲ್ಲಿಗೆ ಅಂದ್ರೆ?" ಮೆಟಿಲ್ಡಾ ಪಿಯುಸರನ್ನು ನೋಡಿದರು. ಈ ಸಲ ಪಿಯುಸ್ ಕಣ್ಣು ತಪ್ಪಿಸಲಿಲ್ಲ. "ಮನೆಗೆ."